ವಿಶ್ವವಿದ್ಯಾಲಯದ ಆಡಳಿತವೂ ಜಿಲ್ಲೆಯ ಉದ್ಯಮವೂ: ವರ್ತಕರು ಅರಿಯಬೇಕಾದ ಸಂಗತಿಗಳು

ಮೈಸೂರು ಸಂಸ್ಥಾನದ ಆರ್ಥಿಕ ಇತಿಹಾಸದಲ್ಲಿ 1916ನೆಯ ಇಸವಿಗೆ ವಿಶೇಷ ಸ್ಥಾನವಿದೆ. ದಿವಾನ್ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಆ ವರ್ಷ ಎರಡು ಸಂಸ್ಥೆಗಳು ಜನ್ಮ ತಾಳಿದವು. ಒಂದು ಮೈಸೂರು ವಾಣಿಜ್ಯ ಮಂಡಳಿ. ಅದೇ ಮುಂದೆ ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆಯಾಗಿ ಬೆಳೆಯಿತು. ಮತ್ತೊಂದು ಜುಲೈ 27ರಂದು ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯ. ನಾಲ್ವಡಿ ಕೃಷ್ಣರಾಜ ಒಡೆಯರು ಅದರ ಪ್ರಥಮ ಕುಲಾಧಿಪತಿಗಳಾದರು, ಎಚ್.ವಿ. ನಂಜುಂಡಯ್ಯನವರು ಪ್ರಥಮ ಕುಲಪತಿಗಳಾದರು. ಇದಕ್ಕೆ ಐದು ವರ್ಷ ಮೊದಲು, 1911ರಲ್ಲಿ ಆರಂಭವಾದ ಮೈಸೂರು ಆರ್ಥಿಕ ಸಮ್ಮೇಳನವು ಕೃಷಿ, ಶಿಕ್ಷಣ, ಕೈಗಾರಿಕೆ ಮತ್ತು ವಾಣಿಜ್ಯ ಎಂಬ ವಿಭಾಗಗಳನ್ನು ಒಂದೇ ಚಾವಣಿಯಡಿ ಚರ್ಚೆಗೆ ತೆಗೆದುಕೊಂಡಿತ್ತು. ವಿದ್ಯೆ ಒಂದು ಇಲಾಖೆಯ ವಿಷಯ, ವ್ಯಾಪಾರ ಇನ್ನೊಂದು ಇಲಾಖೆಯ ವಿಷಯ ಎಂಬ ಭೇದ ಅಂದಿನ ಯೋಜಕರಲ್ಲಿ ಇರಲಿಲ್ಲ.

ಒಂದು ಶತಮಾನ ಕಳೆದ ಮೇಲೆ ಪರಿಸ್ಥಿತಿ ಬೇರೆಯಾಗಿದೆ. ಒಂದೇ ವರ್ಷ ಹುಟ್ಟಿದ ಈ ಎರಡು ಬಗೆಯ ಸಂಸ್ಥೆಗಳು ಪರಸ್ಪರ ಭೇಟಿಯಾಗುವುದು ಹೆಚ್ಚಾಗಿ ಉದ್ಘಾಟನಾ ಸಮಾರಂಭಗಳಲ್ಲಿ ಮಾತ್ರ. ಕೆಲಸ ತಿಳಿದ ಹುಡುಗರು ಸಿಗುವುದಿಲ್ಲವೆಂದು ಉದ್ಯಮಿ ದೂರುತ್ತಾನೆ. ಪದವಿ ಪಡೆದರೂ ಕೆಲಸವಿಲ್ಲವೆಂದು ಯುವಕ ದೂರುತ್ತಾನೆ. ಇವೆರಡರ ಮಧ್ಯೆ ಪಠ್ಯಕ್ರಮ, ಹುದ್ದೆ, ಹಣ, ಸಂಶೋಧನೆ ಮೊದಲಾದವುಗಳನ್ನು ನಿರ್ಧರಿಸುವ ಒಂದು ಆಡಳಿತ ವ್ಯವಸ್ಥೆ ಇದೆ. ಅದು ಹೇಗೆ ನಡೆಯುತ್ತದೆ, ಎಲ್ಲಿ ತಡವಾಗುತ್ತದೆ, ಪ್ರದೇಶದ ಆರ್ಥಿಕ ಬೆಳವಣಿಗೆಯ ಮೇಲೆ ಅದರ ಪರಿಣಾಮವೇನು ಎಂಬುದನ್ನು ವರ್ತಕರೂ ಸಣ್ಣ ಕೈಗಾರಿಕೋದ್ಯಮಿಗಳೂ ಅರಿತಿರುವುದು ಅಗತ್ಯ.

ವಿಶ್ವವಿದ್ಯಾಲಯಗಳು ಬೆಳೆದ ಬಗೆ

ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಗುವ ಮುನ್ನ ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜುಗಳು ಮದರಾಸು ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾಗಿದ್ದವು. ಸಂಸ್ಥಾನದ ವಿದ್ಯಾರ್ಥಿ ಏನನ್ನು ಓದಬೇಕೆಂಬುದು ಮದರಾಸಿನಲ್ಲಿ ನಿರ್ಧಾರವಾಗುತ್ತಿತ್ತು. ಉತ್ತರ ಭಾಗದ ಜಿಲ್ಲೆಗಳು ಇದೇ ರೀತಿ ಮುಂಬಯಿಯನ್ನು ಅವಲಂಬಿಸಿದ್ದವು. 1949ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಗೊಂಡ ಕರ್ನಾಟಕ ವಿಶ್ವವಿದ್ಯಾಲಯವು 1950ರಲ್ಲಿ ಧಾರವಾಡಕ್ಕೆ ಬಂದಾಗ ಆ ಅವಲಂಬನೆ ಕೊನೆಗೊಂಡಿತು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ, 1980ರಲ್ಲಿ ಮಂಗಳೂರು ಮತ್ತು ಗುಲಬರ್ಗಾ ವಿಶ್ವವಿದ್ಯಾಲಯಗಳು, 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ, 2004ರಲ್ಲಿ ತುಮಕೂರು, 2009ರಲ್ಲಿ ದಾವಣಗೆರೆ, 2010ರಲ್ಲಿ ಬೆಳಗಾವಿಯ ರಾಣಿ ಚೆನ್ನಮ್ಮ ಮತ್ತು ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಗಳು ಬಂದವು. ತಾಂತ್ರಿಕ ಶಿಕ್ಷಣಕ್ಕಾಗಿ 1998ರಲ್ಲಿ ಬೆಳಗಾವಿಯನ್ನು ಕೇಂದ್ರವಾಗಿಸಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಆರಂಭವಾಯಿತು.

ನಿರ್ಣಯ ಕೈಗೊಳ್ಳುವ ಸ್ಥಳ ಪ್ರದೇಶದ ಜನರಿಗೆ ಹತ್ತಿರವಾಗಬೇಕು ಎಂಬುದೇ ಈ ವಿಸ್ತರಣೆಯ ಮೂಲ ಆಶಯ. ಕಟ್ಟಡ ಹತ್ತಿರ ಬಂದ ಮಾತ್ರಕ್ಕೆ ನಿರ್ಣಯವೂ ಹತ್ತಿರ ಬಂದಿತೇ ಎಂಬ ಪ್ರಶ್ನೆಗೆ ಉತ್ತರ ಆಡಳಿತ ಮಂಡಳಿಗಳ ರಚನೆಯಲ್ಲಿ ದೊರೆಯುತ್ತದೆ.

ಯಾರು ಏನನ್ನು ನಿರ್ಧರಿಸುತ್ತಾರೆ?

ರಾಜ್ಯದ ಸಾಮಾನ್ಯ ವಿಶ್ವವಿದ್ಯಾಲಯಗಳು ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000ರ ಅನ್ವಯ ನಡೆಯುತ್ತವೆ. ಇದು 1976ರ ಅಧಿನಿಯಮದ ಸ್ಥಾನದಲ್ಲಿ ಬಂದ ಕಾನೂನು. ರಾಜ್ಯಪಾಲರು ಕುಲಾಧಿಪತಿಗಳು, ಉನ್ನತ ಶಿಕ್ಷಣ ಸಚಿವರು ಸಮಕುಲಾಧಿಪತಿಗಳು. ದೈನಂದಿನ ಆಡಳಿತದ ಹೊಣೆ ಕುಲಪತಿಗಳದು. ಅವರಿಗೆ ನೆರವಾಗಿ ಕುಲಸಚಿವರು, ಪರೀಕ್ಷೆಗಳ ಉಸ್ತುವಾರಿಗೆ ಮೌಲ್ಯಮಾಪನ ಕುಲಸಚಿವರು, ಲೆಕ್ಕಪತ್ರಕ್ಕೆ ಹಣಕಾಸು ಅಧಿಕಾರಿ ಇರುತ್ತಾರೆ.

ಅಧಿಕಾರಿಗಳಿಗಿಂತ ಮುಖ್ಯವಾದುದು ಮಂಡಳಿಗಳ ಪಾತ್ರ. ಅವುಗಳಲ್ಲಿ ಸಿಂಡಿಕೇಟ್ ಕಾರ್ಯನಿರ್ವಾಹಕ ಸಭೆ. ಆಸ್ತಿ, ಹಣ, ನೇಮಕಾತಿ, ಕಾಲೇಜುಗಳ ಸಂಯೋಜನೆ, ಒಡಂಬಡಿಕೆಗಳು ಇಲ್ಲಿ ನಿರ್ಣಯವಾಗುತ್ತವೆ. ಸರ್ಕಾರ ಮತ್ತು ಕುಲಾಧಿಪತಿಗಳು ನಾಮಕರಣ ಮಾಡಿದವರು, ಪದನಿಮಿತ್ತ ಅಧಿಕಾರಿಗಳು, ಅಧ್ಯಾಪಕ ವರ್ಗದವರು ಇದರ ಸದಸ್ಯರು. ಹಿಂದಿನ ವ್ಯವಸ್ಥೆಯಲ್ಲಿದ್ದ ಸೆನೆಟ್ ಎಂಬ ವಿಸ್ತಾರವಾದ ಸಭೆಗೆ 2000ರ ಅಧಿನಿಯಮದಲ್ಲಿ ಸ್ಥಾನವಿಲ್ಲ. ಚಿಕ್ಕ ಸಭೆಯಾದ್ದರಿಂದ ಕೆಲಸ ಬೇಗ ಸಾಗಬಲ್ಲದು. ಆದರೆ ಸದಸ್ಯತ್ವವು ಬಹುಮಟ್ಟಿಗೆ ನಾಮಕರಣವನ್ನೇ ಅವಲಂಬಿಸಿರುವುದರಿಂದ, ಯಾರನ್ನು ಯಾವ ಅರ್ಹತೆಯ ಮೇಲೆ ನಾಮಕರಣ ಮಾಡಲಾಯಿತು ಎಂಬುದೇ ಸಭೆಯ ಗುಣಮಟ್ಟವನ್ನು ತೀರ್ಮಾನಿಸುತ್ತದೆ.

ಎರಡನೆಯದು ವಿದ್ಯಾವಿಷಯಕ ಪರಿಷತ್ತು. ಬೋಧನೆ, ಪರೀಕ್ಷೆ, ಪದವಿಗಳ ಮಟ್ಟ ಇದರ ವ್ಯಾಪ್ತಿಗೆ ಸೇರಿದವು. ಇದರ ಕೆಳಗೆ ನಿಕಾಯಗಳೂ, ಪ್ರತಿ ವಿಷಯಕ್ಕೊಂದು ಅಧ್ಯಯನ ಮಂಡಳಿಯೂ ಇರುತ್ತವೆ. ವಾಣಿಜ್ಯಶಾಸ್ತ್ರದ ಮೂರನೆಯ ವರ್ಷದಲ್ಲಿ ಯಾವ ತೆರಿಗೆಯನ್ನು ಬೋಧಿಸಬೇಕು, ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಯಾವ ಪರೀಕ್ಷೆಯನ್ನು ಮಾಡಿಸಬೇಕು ಎಂಬ ಪ್ರಸ್ತಾಪ ಮೊದಲು ಸಿದ್ಧವಾಗುವುದು ಅಧ್ಯಯನ ಮಂಡಳಿಯಲ್ಲಿ. ಪತ್ರಿಕೆಗಳಲ್ಲಿ ಸಿಂಡಿಕೇಟ್ ಸುದ್ದಿ ಬರುತ್ತದೆ. ಅಧ್ಯಯನ ಮಂಡಳಿಯ ಸುದ್ದಿ ಬರುವುದು ವಿರಳ. ಆದರೆ ವರ್ತಕನ ಅಂಗಡಿಗೆ, ಉದ್ಯಮಿಯ ಕಾರ್ಖಾನೆಗೆ ನೇರವಾಗಿ ತಟ್ಟುವ ನಿರ್ಣಯ ಆರಂಭವಾಗುವುದು ಅಲ್ಲಿಯೇ.

ತಡವಾದ ಪಠ್ಯಕ್ರಮದ ಬೆಲೆ

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಕರ್ನಾಟಕದಲ್ಲಿ 2005ರ ಏಪ್ರಿಲ್ 1ರಿಂದ ಮೌಲ್ಯವರ್ಧಿತ ತೆರಿಗೆ ಜಾರಿಗೆ ಬಂದಿತು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಅದರ ಬಹುಭಾಗವನ್ನೂ ಕೇಂದ್ರ ಅಬಕಾರಿ ಸುಂಕ, ಸೇವಾ ತೆರಿಗೆಗಳನ್ನೂ ತನ್ನೊಳಗೆ ಸೇರಿಸಿಕೊಂಡಿತು. ವರ್ತಕನಿಗೆ ಮರುದಿನದಿಂದಲೇ ಹೊಸ ರೀತಿಯ ಬಿಲ್ಲು, ಹೊಸ ರಿಟರ್ನು, ಹೂಡುವಳಿ ತೆರಿಗೆಯ ಹೊಸ ಲೆಕ್ಕ. ವಿಶ್ವವಿದ್ಯಾಲಯದ ಗಡಿಯಾರ ಬೇರೆ. ಪಠ್ಯಕ್ರಮ ಬದಲಾಗಬೇಕಾದರೆ ಅಧ್ಯಯನ ಮಂಡಳಿ ಸೇರಬೇಕು, ನಿಕಾಯ ಒಪ್ಪಬೇಕು, ವಿದ್ಯಾವಿಷಯಕ ಪರಿಷತ್ತು ಅನುಮೋದಿಸಬೇಕು. ಹೊಸ ಪಠ್ಯಕ್ರಮ ಸಾಮಾನ್ಯವಾಗಿ ಹೊಸದಾಗಿ ಪ್ರವೇಶ ಪಡೆಯುವ ತಂಡಕ್ಕೆ ಅನ್ವಯಿಸುತ್ತದೆ. ತೆರಿಗೆಯ ವಿಷಯ ಮೂರನೆಯ ವರ್ಷದಲ್ಲಿದ್ದರೆ ಆ ತಂಡ ಅಲ್ಲಿಗೆ ತಲುಪಲು ಮತ್ತೆ ಎರಡು ವರ್ಷ ಬೇಕು. ಮಂಡಳಿ ತನ್ನ ಸಭೆಯನ್ನು ಒಂದು ವರ್ಷ ಮುಂದೂಡಿದರೆ ಆ ಅವಧಿಗೆ ಇನ್ನೊಂದು ವರ್ಷ ಕೂಡುತ್ತದೆ.

ಈ ವಿಳಂಬದ ವೆಚ್ಚ ವಿಶ್ವವಿದ್ಯಾಲಯದ ಲೆಕ್ಕಪತ್ರದಲ್ಲಿ ಕಾಣುವುದಿಲ್ಲ. ಗುಮಾಸ್ತನಿಗೆ ಮತ್ತೆ ಮೊದಲಿನಿಂದ ಕೆಲಸ ಕಲಿಸುವ ವರ್ತಕನೂ, ತಪ್ಪು ರಿಟರ್ನಿಗೆ ದಂಡ ಕಟ್ಟುವ ಸಣ್ಣ ಉದ್ಯಮಿಯೂ, ಪದವಿ ಪಡೆದ ಮೇಲೂ ಖಾಸಗಿ ತರಬೇತಿಗೆ ಶುಲ್ಕ ತೆರುವ ಬಡ ಕುಟುಂಬವೂ ಅದನ್ನು ಭರಿಸುತ್ತಾರೆ. ದೊಡ್ಡ ಕಂಪನಿಗಳು ತಮ್ಮದೇ ತರಬೇತಿ ಕೇಂದ್ರಗಳನ್ನು ನಡೆಸಬಲ್ಲವು. ಹತ್ತು ಹದಿನೈದು ಮಂದಿಯ ಕಾರ್ಖಾನೆಗೆ ಆ ಅನುಕೂಲವಿಲ್ಲ. ಆದ್ದರಿಂದ ಸಾರ್ವಜನಿಕ ವಿಶ್ವವಿದ್ಯಾಲಯದ ಆಡಳಿತ ಚುರುಕಾಗಿರಬೇಕೆಂಬ ಆಸಕ್ತಿ ದೊಡ್ಡವರಿಗಿಂತ ಸಣ್ಣವರಿಗೇ ಹೆಚ್ಚಾಗಿರಬೇಕು.

ನೀತಿಯ ಪದೇ ಪದೇ ಬದಲಾವಣೆಯೂ ಇದೇ ಬಗೆಯ ಹೊರೆ. 2021-22ನೆಯ ಶೈಕ್ಷಣಿಕ ವರ್ಷದಿಂದ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷಗಳ ಪದವಿ ವ್ಯವಸ್ಥೆ ರಾಜ್ಯದಲ್ಲಿ ಬಂದಿತು. 2024-25ರಿಂದ, ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ನಂತರ, ಮೂರು ವರ್ಷಗಳ ಪದವಿಗೆ ಮರಳಲಾಯಿತು. ಎರಡೂ ವ್ಯವಸ್ಥೆಗಳ ಪರವಾಗಿ ವಾದಗಳಿವೆ. ಆದರೆ ಮೂರು ವರ್ಷಗಳ ಅಂತರದಲ್ಲಿ ಅಧ್ಯಯನ ಮಂಡಳಿಗಳು ಎರಡು ಬಾರಿ ಪಠ್ಯಕ್ರಮವನ್ನು ಹೊಸದಾಗಿ ರಚಿಸಬೇಕಾಯಿತು. ವಿವಿಧ ತಂಡಗಳ ಪದವೀಧರರು ಬೇರೆ ಬೇರೆ ವಿಷಯ ಹೊಂದಾಣಿಕೆಯೊಂದಿಗೆ ಹೊರಬರುವಾಗ, ಕೆಲಸ ಕೊಡುವವನು ಅಂಕಪಟ್ಟಿಯನ್ನು ಓದುವ ರೀತಿಯನ್ನೂ ಕಲಿಯಬೇಕಾಗುತ್ತದೆ.

ಹಣದ ಹರಿವು

ಯಾವುದೇ ಸಂಸ್ಥೆಯನ್ನು ಅರಿಯಬೇಕಾದರೆ ಅದರ ಜಮಾ-ಖರ್ಚನ್ನು ನೋಡಬೇಕೆಂಬುದು ವರ್ತಕರಿಗೆ ತಿಳಿದ ನಿಯಮ. ರಾಜ್ಯದ ಸಾಂಪ್ರದಾಯಿಕ ವಿಶ್ವವಿದ್ಯಾಲಯಗಳ ಆದಾಯಕ್ಕೆ ಮುಖ್ಯವಾಗಿ ಎರಡು ಮೂಲಗಳು. ಒಂದು, ಸಂಬಳ ಮತ್ತು ಪಿಂಚಣಿಗಾಗಿ ಸರ್ಕಾರ ನೀಡುವ ಅನುದಾನ. ಇನ್ನೊಂದು, ಸಂಯೋಜಿತ ಕಾಲೇಜುಗಳ ಸಂಯೋಜನಾ ಶುಲ್ಕ, ಪರೀಕ್ಷಾ ಶುಲ್ಕ ಮತ್ತು ವಿದ್ಯಾರ್ಥಿ ಶುಲ್ಕ. ಸಂಶೋಧನಾ ಯೋಜನೆ, ಸಲಹಾ ಸೇವೆ, ಪರೀಕ್ಷಣಾ ಸೇವೆಗಳ ವರಮಾನ ಇವುಗಳ ಮುಂದೆ ಅಲ್ಪ.

ಈ ರಚನೆಯಿಂದ ಎರಡು ಪರಿಣಾಮಗಳು ಉಂಟಾಗುತ್ತವೆ. ಮೊದಲನೆಯದು, ವಿಶ್ವವಿದ್ಯಾಲಯದ ಗಮನ ಪರೀಕ್ಷೆ ನಡೆಸುವುದರ ಕಡೆಗೇ ಹರಿಯುತ್ತದೆ. ನೂರಾರು ಕಾಲೇಜುಗಳ ಉತ್ತರಪತ್ರಿಕೆ, ಫಲಿತಾಂಶ, ಅಂಕಪಟ್ಟಿಗಳೇ ಆಡಳಿತದ ಬಹುಪಾಲು ಸಮಯವನ್ನು ನುಂಗುತ್ತವೆ. ಎರಡನೆಯದು, ವಿಶ್ವವಿದ್ಯಾಲಯವನ್ನು ವಿಭಜಿಸಿದಾಗ ಕಾಲೇಜುಗಳು ಮತ್ತು ಅವುಗಳ ಶುಲ್ಕ ಹೊಸ ವಿಶ್ವವಿದ್ಯಾಲಯಕ್ಕೆ ಹೋಗುತ್ತವೆ. ಹಿಂದೆ ನೇಮಕಗೊಂಡು ನಿವೃತ್ತರಾದವರ ಪಿಂಚಣಿಯ ಹೊಣೆ ಹಳೆಯ ವಿಶ್ವವಿದ್ಯಾಲಯದ ಬಳಿ ಉಳಿಯುತ್ತದೆ. ಪಾಲಾದ ಕುಟುಂಬದಲ್ಲಿ ಆದಾಯದ ಹೊಲ ತಮ್ಮನಿಗೆ, ಸಾಲದ ಪತ್ರ ಅಣ್ಣನಿಗೆ ಬಂದಂತೆ. ಮೈಸೂರು, ಧಾರವಾಡಗಳಂತಹ ಹಿರಿಯ ವಿಶ್ವವಿದ್ಯಾಲಯಗಳು ಪಿಂಚಣಿ ಪಾವತಿಗಾಗಿ ಸರ್ಕಾರದ ಕಡೆಗೆ ನೋಡುವ ಸ್ಥಿತಿಗೆ ಇದೂ ಒಂದು ಕಾರಣ.

ಹಣದ ಕೊರತೆಯ ನೇರ ಪರಿಣಾಮ ಅಧ್ಯಾಪಕ ಹುದ್ದೆಗಳ ಮೇಲೆ ಆಗುತ್ತದೆ. ಖಾಯಂ ಹುದ್ದೆಗಳು ಖಾಲಿ ಉಳಿದು ಅತಿಥಿ ಉಪನ್ಯಾಸಕರಿಂದ ತರಗತಿಗಳು ನಡೆಯುತ್ತವೆ. ಅತಿಥಿ ಉಪನ್ಯಾಸಕರು ಶ್ರದ್ಧೆಯಿಂದ ಪಾಠ ಹೇಳಬಲ್ಲರು. ಆದರೆ ಮುಂದಿನ ವರ್ಷ ತಾವು ಅಲ್ಲಿ ಇರುತ್ತೇವೆಯೋ ಇಲ್ಲವೋ ಎಂಬ ಸ್ಥಿತಿಯಲ್ಲಿರುವವರು ಐದು ವರ್ಷಗಳ ಸಂಶೋಧನಾ ಯೋಜನೆಯನ್ನಾಗಲಿ ಸ್ಥಳೀಯ ಕೈಗಾರಿಕೆಯೊಂದಿಗೆ ದೀರ್ಘಕಾಲದ ಸಂಬಂಧವನ್ನಾಗಲಿ ಬೆಳೆಸುವುದು ಕಷ್ಟ.

ಕೃಷಿ ವಿಶ್ವವಿದ್ಯಾಲಯಗಳು ತೋರಿಸಿದ ದಾರಿ

ಆಡಳಿತದ ರಚನೆ ಬೇರೆಯಾದರೆ ಫಲಿತಾಂಶವೂ ಬೇರೆಯಾಗಬಲ್ಲದು ಎಂಬುದಕ್ಕೆ ರಾಜ್ಯದೊಳಗೇ ನಿದರ್ಶನವಿದೆ. 1964ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾಲಯವನ್ನು ಅಮೆರಿಕದ ಭೂದತ್ತಿ ವಿಶ್ವವಿದ್ಯಾಲಯಗಳ ಮಾದರಿಯಲ್ಲಿ ರೂಪಿಸಲಾಯಿತು. ಡಾ. ಕೆ.ಸಿ. ನಾಯಕ್ ಅದರ ಮೊದಲ ಕುಲಪತಿಗಳು. ಬೋಧನೆ, ಸಂಶೋಧನೆ, ವಿಸ್ತರಣೆ ಮೂರೂ ಒಂದೇ ಆಡಳಿತದಡಿ ಇರಬೇಕೆಂಬುದು ಆ ಮಾದರಿಯ ತಿರುಳು. 1986ರಲ್ಲಿ ಧಾರವಾಡದಲ್ಲಿ, 2009ರಲ್ಲಿ ರಾಯಚೂರಿನಲ್ಲಿ ಪ್ರತ್ಯೇಕ ಕೃಷಿ ವಿಶ್ವವಿದ್ಯಾಲಯಗಳಾದವು; 2008ರಲ್ಲಿ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ ಬಂದಿತು.

ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡು 1972ರಲ್ಲಿ ಬಿಡುಗಡೆಯಾದ ‘ವರಲಕ್ಷ್ಮಿ’ ಮತ್ತು 1981ರಲ್ಲಿ ಬಂದ ‘ಜಯಲಕ್ಷ್ಮಿ’ ಎಂದು ಪ್ರಸಿದ್ಧವಾದ ಡಿ.ಸಿ.ಎಚ್.-32 ಹತ್ತಿ ತಳಿಗಳು ಉದ್ದ ಎಳೆಯ ಹತ್ತಿಯ ಉತ್ಪಾದನೆಗೆ ಹೊಸ ದಾರಿ ತೆರೆದವು. ಈ ಸಂಕರಣ ತಳಿಗಳ ಬೀಜವನ್ನು ಪ್ರತಿ ಹಂಗಾಮಿನಲ್ಲಿ ಹೂವಿನಿಂದ ಹೂವಿಗೆ ಕೈಯಿಂದಲೇ ಪರಾಗಸ್ಪರ್ಶ ಮಾಡಿ ಉತ್ಪಾದಿಸಬೇಕಾಗುತ್ತದೆ. ಇದರಿಂದ ಬೀಜೋತ್ಪಾದನೆ ಎಂಬುದೇ ಒಂದು ಗ್ರಾಮೀಣ ಉದ್ಯೋಗವಾಗಿ, ಬೀಜ ವ್ಯಾಪಾರ ಒಂದು ಪ್ರತ್ಯೇಕ ವ್ಯವಹಾರವಾಗಿ ಬೆಳೆಯಲು ಅವಕಾಶವಾಯಿತು. 2002ರಲ್ಲಿ ಬಿ.ಟಿ. ಹತ್ತಿ ಬಂದ ಮೇಲೆ ಹತ್ತಿ ಬೀಜದ ಮಾರುಕಟ್ಟೆ ಬಹುಮಟ್ಟಿಗೆ ಖಾಸಗಿ ಕಂಪನಿಗಳ ಕಡೆಗೆ ಹೊರಳಿತು ಎಂಬುದೂ ನಿಜ. ದಕ್ಷಿಣದಲ್ಲಿ ಮಂಡ್ಯದ ಕೇಂದ್ರದಲ್ಲಿ ಸಿ.ಎಚ್. ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಸಂಕರಿಸಿ ‘ಇಂಡಾಫ್’ ತಳಿಗಳನ್ನು ನೀಡಿದರು. ರಾಗಿಯ ಇಳುವರಿ ಹೆಚ್ಚಲು, ಅದರೊಂದಿಗೆ ಮಂಡಿ ವ್ಯಾಪಾರಕ್ಕೆ ಬರುವ ರಾಗಿಯ ಪ್ರಮಾಣ ಹೆಚ್ಚಲು ಅವು ಕಾರಣವಾದವು.

ಇಲ್ಲಿ ಗಮನಿಸಬೇಕಾದುದು ವಿಜ್ಞಾನಿಗಳ ಪ್ರತಿಭೆಯನ್ನು ಮಾತ್ರವಲ್ಲ. ಕೃಷಿ ವಿಶ್ವವಿದ್ಯಾಲಯಗಳ ಆಡಳಿತ ಮಂಡಳಿಯಲ್ಲಿ ಪ್ರಗತಿಪರ ರೈತರಿಗೂ ಕೃಷಿ ಉದ್ಯಮಿಗೂ ಸ್ಥಾನವಿದೆ. ಸಂಶೋಧನಾ ಕೇಂದ್ರಗಳು ಹವಾಮಾನ ವಲಯಗಳಿಗೆ ಅನುಗುಣವಾಗಿ ಹಂಚಿಹೋಗಿವೆ. ಕೃಷಿ ವಿಜ್ಞಾನ ಕೇಂದ್ರಗಳು ಹಳ್ಳಿಯ ಪ್ರಶ್ನೆಯನ್ನು ವಿಜ್ಞಾನಿಗೆ ಮುಟ್ಟಿಸುತ್ತವೆ. ಕೃಷಿಮೇಳದಲ್ಲಿ ರೈತ ಬಂದು ತಳಿಯನ್ನು ಕಣ್ಣಾರೆ ಕಂಡು, ಮೆಚ್ಚದಿದ್ದರೆ ಅಲ್ಲಿಯೇ ಹೇಳಿ ಹೋಗುತ್ತಾನೆ. ರೈತನ ಪ್ರಶ್ನೆ ವಿಶ್ವವಿದ್ಯಾಲಯದೊಳಗೆ ಬರಲು ನಿಯತವಾದ ಬಾಗಿಲೊಂದಿದೆ. ಸಾಮಾನ್ಯ ವಿಶ್ವವಿದ್ಯಾಲಯಗಳಲ್ಲಿ ವರ್ತಕನಿಗೆ, ಎಣ್ಣೆ ಗಿರಣಿಯವನಿಗೆ, ನೇಕಾರನಿಗೆ, ಎರಕದ ಕಾರ್ಖಾನೆಯವನಿಗೆ ಅಂತಹ ಬಾಗಿಲು ಇಷ್ಟು ವ್ಯವಸ್ಥಿತವಾಗಿ ಬೆಳೆಯಲಿಲ್ಲ.

ತಾಂತ್ರಿಕ ಶಿಕ್ಷಣದಲ್ಲೂ ಈ ಪ್ರಶ್ನೆ ಇದೆ. 1998ಕ್ಕೆ ಮುನ್ನ ಎಂಜಿನಿಯರಿಂಗ್ ಕಾಲೇಜುಗಳು ಬೇರೆ ಬೇರೆ ವಿಶ್ವವಿದ್ಯಾಲಯಗಳ ಅಡಿಯಲ್ಲಿದ್ದವು. ಒಂದೇ ತಾಂತ್ರಿಕ ವಿಶ್ವವಿದ್ಯಾಲಯ ಬಂದುದರಿಂದ ಮಟ್ಟದಲ್ಲಿ ಏಕರೂಪತೆ ಬಂದಿತು. ಆದರೆ ಬೆಳಗಾವಿಯ ಎರಕದ ಉದ್ಯಮಕ್ಕೂ, ಮಂಗಳೂರಿನ ಬಂದರಿಗೂ, ಪೀಣ್ಯದ ಯಂತ್ರೋಪಕರಣ ಘಟಕಗಳಿಗೂ ಒಂದೇ ಪಠ್ಯಕ್ರಮ ಸಮನಾಗಿ ಹೊಂದುವುದು ಕಷ್ಟ. ಸ್ವಾಯತ್ತ ಕಾಲೇಜುಗಳಿಗೆ ತಮ್ಮ ಪಠ್ಯಕ್ರಮವನ್ನು ತಾವೇ ರಚಿಸುವ ಅಧಿಕಾರ ನೀಡಿರುವುದರಿಂದ ಈ ತೊಡಕು ಸ್ವಲ್ಪಮಟ್ಟಿಗೆ ಸಡಿಲವಾಗಿದೆ. 1917ರಲ್ಲಿ ವಿಶ್ವೇಶ್ವರಯ್ಯನವರು ಆರಂಭಿಸಿದ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿಗೆ, ಅಂದರೆ ಯು.ವಿ.ಸಿ.ಇ.ಗೆ, 2021ರ ಕಾಯ್ದೆಯ ಮೂಲಕ ಪ್ರತ್ಯೇಕ ವಿಶ್ವವಿದ್ಯಾಲಯದ ಸ್ಥಾನ ನೀಡಿ, ಉದ್ಯಮಕ್ಷೇತ್ರದ ಹಿರಿಯರೂ ಇರುವ ಆಡಳಿತ ಮಂಡಳಿಯನ್ನು ರಚಿಸಿದ್ದು ಇದೇ ದಿಕ್ಕಿನ ಪ್ರಯೋಗ.

ಜಿಲ್ಲೆಗೊಂದು ವಿಶ್ವವಿದ್ಯಾಲಯ: ಲಾಭವೇ, ಹೊರೆಯೇ?

2022ರ ತಿದ್ದುಪಡಿಯ ನಂತರ 2023ರಲ್ಲಿ ಬೀದರ್, ಹಾವೇರಿ, ಕೊಪ್ಪಳ, ಬಾಗಲಕೋಟೆ, ಹಾಸನ, ಕೊಡಗು, ಚಾಮರಾಜನಗರಗಳಲ್ಲಿ ಹೊಸ ವಿಶ್ವವಿದ್ಯಾಲಯಗಳು ಆರಂಭವಾದವು. ಇವುಗಳಲ್ಲಿ ಹಲವು, ಹಿರಿಯ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಕೇಂದ್ರಗಳನ್ನೇ ಆಧಾರವಾಗಿ ಇಟ್ಟುಕೊಂಡು ಹುಟ್ಟಿದವು. ಎರಡು ವರ್ಷ ತುಂಬುವ ಮುನ್ನವೇ, 2025ರ ಫೆಬ್ರುವರಿಯಲ್ಲಿ, ಉಪಮುಖ್ಯಮಂತ್ರಿಗಳ ಅಧ್ಯಕ್ಷತೆಯ ಸಚಿವ ಸಂಪುಟ ಉಪಸಮಿತಿಯು ಹೊಸದಾಗಿ ಆರಂಭಗೊಂಡ ಹತ್ತರಲ್ಲಿ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಂದುವರಿಸುವುದು ಕಾರ್ಯಸಾಧ್ಯವಲ್ಲವೆಂಬ ಅಭಿಪ್ರಾಯಕ್ಕೆ ಬಂದಾಗ ರಾಜ್ಯದಾದ್ಯಂತ ಚರ್ಚೆ ಎದ್ದಿತು. ಹಣ, ಜಮೀನು, ಹುದ್ದೆಗಳ ಕೊರತೆ ಒಂದು ಪಕ್ಷದ ವಾದ. ಹಿಂದುಳಿದ ಜಿಲ್ಲೆಗಳ ವಿದ್ಯಾರ್ಥಿಗಳಿಗೆ, ವಿಶೇಷವಾಗಿ ಹೆಣ್ಣುಮಕ್ಕಳಿಗೆ, ಉನ್ನತ ಶಿಕ್ಷಣ ಊರ ಹತ್ತಿರ ಇರಬೇಕೆಂಬುದು ಇನ್ನೊಂದು ಪಕ್ಷದ ವಾದ.

ಎರಡು ವಾದಗಳಲ್ಲೂ ಸತ್ಯಾಂಶವಿದೆ. ವಾಣಿಜ್ಯ ದೃಷ್ಟಿಯಿಂದ ಕೇಳಬೇಕಾದ ಪ್ರಶ್ನೆ ಮತ್ತೊಂದಿದೆ: ಆ ವಿಶ್ವವಿದ್ಯಾಲಯ ಆ ಜಿಲ್ಲೆಗೆ ಏನು ಮಾಡುತ್ತದೆ? ಹಾವೇರಿ ಜಿಲ್ಲೆಗೆ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಿದೆ, ರಾಣೆಬೆನ್ನೂರಿನ ಬೀಜ ವ್ಯಾಪಾರವಿದೆ. ಕೊಪ್ಪಳಕ್ಕೆ ಗಂಗಾವತಿ, ಕಾರಟಗಿಯ ಅಕ್ಕಿ ಗಿರಣಿಗಳೂ ಉಕ್ಕಿನ ಕಾರ್ಖಾನೆಗಳೂ ಇವೆ. ಬಾಗಲಕೋಟೆಗೆ ಇಳಕಲ್ ಸೀರೆ, ಸಕ್ಕರೆ, ಸಿಮೆಂಟು, ಕೊಡಗು, ಹಾಸನಗಳಿಗೆ ಕಾಫಿ, ಚಾಮರಾಜನಗರಕ್ಕೆ ಕರಿಕಲ್ಲು. ಮೆಣಸಿನಕಾಯಿಯ ಬಣ್ಣ, ಖಾರ, ಶಿಲೀಂಧ್ರ ವಿಷದ ಪ್ರಮಾಣವನ್ನು ಪರೀಕ್ಷಿಸುವ ಪ್ರಯೋಗಾಲಯ ರಫ್ತುದಾರನಿಗೆ ಹತ್ತಿರದಲ್ಲಿದ್ದರೆ ಮಾದರಿಯನ್ನು ದೂರದ ಊರಿಗೆ ಕಳುಹಿಸಿ ವರದಿಗಾಗಿ ಕಾಯುವ ದಿನಗಳು ಉಳಿಯುತ್ತವೆ. ಗಿರಣಿಯ ತೌಡಿನ ಬಳಕೆ, ಕಲ್ಲಿನ ತ್ಯಾಜ್ಯದ ವಿಲೇವಾರಿ, ನೇಕಾರರ ಬಣ್ಣದ ನೀರಿನ ಶುದ್ಧೀಕರಣ ಮೊದಲಾದವು ಸ್ನಾತಕೋತ್ತರ ವಿದ್ಯಾರ್ಥಿಯ ಪ್ರಬಂಧಕ್ಕೆ ತಕ್ಕ ವಿಷಯಗಳೇ.

ಹೊಸ ವಿಶ್ವವಿದ್ಯಾಲಯ ಹಳೆಯದರ ಪ್ರತಿರೂಪವಾಗಿ, ಅದೇ ವಿಭಾಗಗಳನ್ನು ಕಡಿಮೆ ಅಧ್ಯಾಪಕರಿಂದ ನಡೆಸಿದರೆ ಜಿಲ್ಲೆಗೆ ದೊರೆಯುವುದು ಒಂದು ಫಲಕ ಮತ್ತು ಒಂದು ಪರೀಕ್ಷಾ ಕಚೇರಿ. ಜಿಲ್ಲೆಯ ಎರಡು ಮೂರು ಉದ್ಯಮಗಳಿಗೆ ಸಂಬಂಧಿಸಿದ ವಿಷಯಗಳಲ್ಲಿ ಆಳವಾದ ವಿಭಾಗಗಳನ್ನು ಕಟ್ಟಿದರೆ ಚಿಕ್ಕ ವಿಶ್ವವಿದ್ಯಾಲಯವೂ ತನ್ನ ಖರ್ಚನ್ನು ಸಮರ್ಥಿಸಿಕೊಳ್ಳಬಲ್ಲದು. ಉಳಿಸಬೇಕೋ ಮುಚ್ಚಬೇಕೋ ಎಂಬ ಚರ್ಚೆಗೆ ಈ ಅಳತೆಗೋಲು ಬೇಕು.

ಕುಲಪತಿಗಳ ಆಯ್ಕೆ ಮತ್ತು ಸ್ವಾಯತ್ತತೆ

ಮಂಡಳಿಗಳು ಎಷ್ಟೇ ಚೆನ್ನಾಗಿದ್ದರೂ ಅವುಗಳನ್ನು ಕಾಲಕಾಲಕ್ಕೆ ಸೇರಿಸಿ, ನಿರ್ಣಯಗಳನ್ನು ಜಾರಿಗೊಳಿಸುವ ಹೊಣೆ ಕುಲಪತಿಗಳದು. 2000ರ ಅಧಿನಿಯಮದಂತೆ ಶೋಧನಾ ಸಮಿತಿಯೊಂದು ಅರ್ಹರ ಹೆಸರುಗಳ ಪಟ್ಟಿಯನ್ನು ಸಿದ್ಧಪಡಿಸುತ್ತದೆ; ಕುಲಾಧಿಪತಿಗಳು, ಸರ್ಕಾರ, ಯು.ಜಿ.ಸಿ. ಮತ್ತು ಸಿಂಡಿಕೇಟ್‌ನ ಪ್ರತಿನಿಧಿಗಳು ಆ ಸಮಿತಿಯಲ್ಲಿರುತ್ತಾರೆ. ಪಟ್ಟಿಯಿಂದ ಒಬ್ಬರನ್ನು ಸರ್ಕಾರದ ಸಹಮತಿಯೊಂದಿಗೆ ಕುಲಾಧಿಪತಿಗಳು ನಾಲ್ಕು ವರ್ಷಗಳ ಅವಧಿಗೆ ನೇಮಿಸುತ್ತಾರೆ. ಆಯ್ಕೆ ತಡವಾದರೆ ಹಂಗಾಮಿ ಕುಲಪತಿಗಳ ಆಡಳಿತ. ಹಂಗಾಮಿಯಾಗಿ ಇರುವವರು ದೀರ್ಘಕಾಲದ ಪರಿಣಾಮವುಳ್ಳ ನಿರ್ಣಯ ಕೈಗೊಳ್ಳಲು ಹಿಂಜರಿಯುವುದು ಸಹಜ. ಯಜಮಾನನಿಲ್ಲದ ಅಂಗಡಿಯಲ್ಲಿ ದಿನದ ವ್ಯಾಪಾರ ನಡೆದೀತು, ಹೊಸ ಸರಕಿನ ಖರೀದಿ ನಡೆಯಲಾರದು.

2025ರ ಜನವರಿಯಲ್ಲಿ ಯು.ಜಿ.ಸಿ. ಪ್ರಕಟಿಸಿದ ಕರಡು ನಿಯಮಾವಳಿಯಲ್ಲಿ ಎರಡು ಅಂಶಗಳು ವಿವಾದಕ್ಕೆ ಕಾರಣವಾದವು. ಶೋಧನಾ ಸಮಿತಿಯ ರಚನೆಯಲ್ಲಿ ಕುಲಾಧಿಪತಿಗಳ ಪಾತ್ರವನ್ನು ಹೆಚ್ಚಿಸುವುದು ಒಂದು. ಕೈಗಾರಿಕೆ, ಸಾರ್ವಜನಿಕ ಆಡಳಿತ, ಸಾರ್ವಜನಿಕ ಉದ್ದಿಮೆಗಳಲ್ಲಿ ಹಿರಿಯ ಹುದ್ದೆಯ ಅನುಭವವುಳ್ಳವರೂ ಕುಲಪತಿಗಳಾಗಬಹುದು ಎಂಬುದು ಇನ್ನೊಂದು. ರಾಜ್ಯಗಳ ಅಧಿಕಾರ ಮೊಟಕಾಗುತ್ತದೆಯೆಂದು ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಆಕ್ಷೇಪಿಸಿದವು. ಉದ್ಯಮಕ್ಷೇತ್ರದಿಂದ ಕುಲಪತಿ ಬರುವ ಸಾಧ್ಯತೆಯನ್ನು ವಾಣಿಜ್ಯ ವಲಯ ಸ್ವಾಗತಿಸುವುದು ಸಹಜವೆನಿಸಬಹುದು. ಆದರೆ ಒಬ್ಬ ಉದ್ಯಮಿ ಕುಲಪತಿಯಾಗುವುದಕ್ಕಿಂತ, ಪ್ರತಿ ಅಧ್ಯಯನ ಮಂಡಳಿಗೆ ಆ ವಿಷಯವನ್ನು ಬಲ್ಲ ಒಬ್ಬ ಉದ್ಯೋಗದಾತ ತಪ್ಪದೆ ಬಂದು ಕುಳಿತುಕೊಳ್ಳುವುದು ಜಿಲ್ಲೆಗೆ ಹೆಚ್ಚಿನ ಪ್ರಯೋಜನ ತಂದೀತು.

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ವಿಶ್ವವಿದ್ಯಾಲಯ ಕಾರ್ಖಾನೆಯ ತರಬೇತಿ ಕೇಂದ್ರವಲ್ಲ. ಇಂದಿನ ಯಂತ್ರಕ್ಕೆ ಬೇಕಾದ ಕೆಲಸಗಾರನನ್ನು ಮಾತ್ರ ತಯಾರಿಸಿದರೆ ಯಂತ್ರ ಬದಲಾದ ದಿನ ಅವನೂ ಮೂಲೆಗುಂಪಾಗುತ್ತಾನೆ. ಮೂಲ ವಿಜ್ಞಾನ, ಭಾಷೆ, ಸಮಾಜಶಾಸ್ತ್ರಗಳ ಅಧ್ಯಯನಕ್ಕೆ ತಕ್ಷಣದ ಮಾರುಕಟ್ಟೆ ಇಲ್ಲದಿರಬಹುದು. ವರಲಕ್ಷ್ಮಿ ಹತ್ತಿಯ ಹಿಂದೆಯೂ ಮಾರುಕಟ್ಟೆಯ ಕಣ್ಣಿಗೆ ಬೀಳದ ಹಲವು ವರ್ಷಗಳ ಸಸ್ಯ ಸಂಶೋಧನೆ ಇತ್ತು. ಪಠ್ಯಕ್ರಮದ ಕೊನೆಯ ತೀರ್ಮಾನ ಅಧ್ಯಾಪಕರದೇ ಆಗಿರಬೇಕು. ಆ ತೀರ್ಮಾನಕ್ಕೆ ಮುನ್ನ ಉದ್ಯಮದ ಮಾತು ಅವರ ಕಿವಿಗೆ ಬಿದ್ದಿರಬೇಕು.

ವಾಣಿಜ್ಯ ಸಂಘಗಳು ಮಾಡಬಹುದಾದುದು

ಕಾನೂನು ಬದಲಾಗಲಿ ಎಂದು ಕಾಯುತ್ತ ಕುಳಿತುಕೊಳ್ಳಬೇಕಾದುದಿಲ್ಲ. ಈಗಿರುವ ವ್ಯವಸ್ಥೆಯಲ್ಲಿಯೇ ಹಲವು ಅವಕಾಶಗಳಿವೆ.

ಮೊದಲನೆಯದಾಗಿ, ಸ್ವಾಯತ್ತ ಕಾಲೇಜುಗಳಿಗೆ ಯು.ಜಿ.ಸಿ. ವಿಧಿಸಿರುವ ನಿಯಮಗಳಂತೆ ಪ್ರತಿ ಅಧ್ಯಯನ ಮಂಡಳಿಯಲ್ಲಿ ಕೈಗಾರಿಕೆ ಅಥವಾ ಸಂಬಂಧಿತ ಕ್ಷೇತ್ರದ ಒಬ್ಬ ಪ್ರತಿನಿಧಿ ಇರಬೇಕು. ಕಾಲೇಜಿನ ವಿದ್ಯಾವಿಷಯಕ ಪರಿಷತ್ತಿನಲ್ಲೂ ಕೈಗಾರಿಕೆ, ವಾಣಿಜ್ಯ, ಕಾನೂನು ಮೊದಲಾದ ಕ್ಷೇತ್ರಗಳ ಹೊರಗಿನ ತಜ್ಞರಿಗೆ ಸ್ಥಾನವಿದೆ. ಈ ಸ್ಥಾನಗಳು ಪರಿಚಯದ ಬಲದಿಂದ ತುಂಬಿ, ಸದಸ್ಯರು ಸಹಿಗೆ ಮಾತ್ರ ಬಂದು ಹೋಗುವಂತಾದರೆ ನಿಯಮದ ಉದ್ದೇಶ ಸೋಲುತ್ತದೆ. ಜಿಲ್ಲಾ ವಾಣಿಜ್ಯ ಸಂಘವು ಲೆಕ್ಕಪತ್ರ, ರಫ್ತು, ಯಂತ್ರೋಪಕರಣ, ಆಹಾರ ಸಂಸ್ಕರಣೆ ಮೊದಲಾದ ವಿಷಯಗಳಿಗೆ ತಲಾ ಇಬ್ಬರು ಅನುಭವಿ ಸದಸ್ಯರ ಹೆಸರನ್ನು ಸಿದ್ಧಪಡಿಸಿ ಕಾಲೇಜುಗಳಿಗೂ ವಿಶ್ವವಿದ್ಯಾಲಯಕ್ಕೂ ಬರವಣಿಗೆಯಲ್ಲಿ ಕಳುಹಿಸಬಹುದು.

ಎರಡನೆಯದಾಗಿ, ನ್ಯಾಕ್ ಮೌಲ್ಯಾಂಕನದಲ್ಲಿ ಪಠ್ಯಕ್ರಮದ ಬಗ್ಗೆ ಉದ್ಯೋಗದಾತರ ಅಭಿಪ್ರಾಯ ಸಂಗ್ರಹಿಸಿ ಅದರ ಮೇಲೆ ಕ್ರಮ ಕೈಗೊಂಡುದನ್ನು ಸಂಸ್ಥೆಗಳು ತೋರಿಸಬೇಕಾಗಿ ಬಂದಿದೆ. ಆ ಅಭಿಪ್ರಾಯ ಪತ್ರ ಕೈಗೆ ಬಂದಾಗ ‘ತೃಪ್ತಿಕರ’ ಎಂದು ಗುರುತು ಹಾಕಿ ಕಳುಹಿಸದೆ, ಹೊಸದಾಗಿ ಸೇರಿದ ಪದವೀಧರನಿಗೆ ಯಾವ ಮೂರು ಸಂಗತಿಗಳು ತಿಳಿದಿರಲಿಲ್ಲ ಎಂಬುದನ್ನು ಬರೆದರೆ ಅದು ಮಂಡಳಿಯ ಮುಂದೆ ದಾಖಲೆಯಾಗಿ ನಿಲ್ಲುತ್ತದೆ.

ಮೂರನೆಯದು ಶಿಶಿಕ್ಷು ತರಬೇತಿ. 1961ರ ಅಪ್ರೆಂಟಿಸ್ ಕಾಯ್ದೆಯಡಿ, 2019ರಲ್ಲಿ ತಿದ್ದುಪಡಿಯಾದ ನಿಯಮಗಳಂತೆ, 30 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇ. 2.5ರಿಂದ ಶೇ. 15ರಷ್ಟು ಶಿಶಿಕ್ಷುಗಳನ್ನು ತೆಗೆದುಕೊಳ್ಳಬೇಕು. 4ರಿಂದ 29 ಮಂದಿಯಿರುವ ಸಂಸ್ಥೆಗಳಿಗೆ ಇದು ಐಚ್ಛಿಕ. ಪದವೀಧರ ಮತ್ತು ಡಿಪ್ಲೊಮಾ ಶಿಶಿಕ್ಷುಗಳಿಗೆ ನಿಗದಿಯಾದ ಕನಿಷ್ಠ ಭತ್ಯೆಯ ಅರ್ಧಭಾಗವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಸಣ್ಣ ಘಟಕಕ್ಕೆ ಇದು ಕಡಿಮೆ ವೆಚ್ಚದಲ್ಲಿ ಯುವಕನನ್ನು ಪರೀಕ್ಷಿಸಿ ನೋಡುವ ಅವಕಾಶ. ಕಾಲೇಜಿಗೂ ತನ್ನ ಪಾಠದ ಕೊರತೆಯನ್ನು ಅರಿಯುವ ದಾರಿ.

ನಾಲ್ಕನೆಯದಾಗಿ, ವಿಶ್ವವಿದ್ಯಾಲಯದೊಂದಿಗೆ ಸಹಿಯಾಗುವ ಒಡಂಬಡಿಕೆಗಳು ಭಾವಚಿತ್ರಕ್ಕೆ ಸೀಮಿತವಾಗಬಾರದು. ಪರೀಕ್ಷಣಾ ಸೇವೆಯ ದರ ಎಷ್ಟು, ವರದಿ ಎಷ್ಟು ದಿನಗಳಲ್ಲಿ ಬರಬೇಕು, ಜಂಟಿ ಸಂಶೋಧನೆಯಿಂದ ಬಂದ ವಿಧಾನದ ಹಕ್ಕು ಯಾರಿಗೆ, ಸಲಹಾ ಶುಲ್ಕದಲ್ಲಿ ಅಧ್ಯಾಪಕರ ಪಾಲೆಷ್ಟು ಎಂಬುದು ಕಾಗದದಲ್ಲಿ ಇರಬೇಕು. ಇವುಗಳಿಗೆ ಸಿಂಡಿಕೇಟ್‌ನ ಅನುಮೋದನೆ ಬೇಕಾಗುವುದರಿಂದ ಕಾರ್ಯಸೂಚಿಗೆ ವಿಷಯ ಸೇರಿತೇ ಎಂಬುದನ್ನು ಸಂಘವು ವಿಚಾರಿಸುತ್ತಿರಬೇಕು.

ಐದನೆಯದಾಗಿ, ಸಿಂಡಿಕೇಟ್‌ಗೆ ನಾಮಕರಣವಾಗುವ ಸಮಯದಲ್ಲಿ ಅರ್ಹತೆಯ ಪ್ರಶ್ನೆಯನ್ನು ಸಾರ್ವಜನಿಕವಾಗಿ ಎತ್ತುವುದು ಸಂಘಗಳ ಕರ್ತವ್ಯ. ತಮ್ಮವರಿಗೊಂದು ಸ್ಥಾನ ಕೇಳುವುದು ಸುಲಭ. ಎಲ್ಲ ಸ್ಥಾನಗಳೂ ವಿದ್ಯೆಯನ್ನೂ ಪ್ರದೇಶವನ್ನೂ ಬಲ್ಲವರಿಂದ ತುಂಬಲಿ ಎಂದು ಕೇಳಿದಾಗ ಆ ಮಾತಿಗೆ ತೂಕ ಬರುತ್ತದೆ.

ವಿಶ್ವವಿದ್ಯಾಲಯದ ಕಟ್ಟಡ, ಸಂಬಳ, ಪಿಂಚಣಿಗಳಿಗೆ ಸಾರ್ವಜನಿಕರ ತೆರಿಗೆಯ ಹಣ ಸಲ್ಲುತ್ತದೆ. ಆ ತೆರಿಗೆಯಲ್ಲಿ ಪೇಟೆಯ ಅಂಗಡಿಯೂ ಕೈಗಾರಿಕಾ ವಸಾಹತಿನ ಶೆಡ್ಡೂ ಪಾಲುದಾರರು. ಪಾಲುದಾರನಾದವನು ವರ್ಷಕ್ಕೊಮ್ಮೆಯಾದರೂ ಲೆಕ್ಕ ಕೇಳಬೇಕು, ಕೇಳಿದಾಗ ತನ್ನ ಪಾಲಿನ ಕೆಲಸವನ್ನೂ ಒಪ್ಪಿಕೊಳ್ಳಬೇಕು. ಜಿಲ್ಲೆಯ ಸಂಘಗಳು ತಮ್ಮ ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ, ಸಮೀಪದ ವಿಶ್ವವಿದ್ಯಾಲಯದ ವಾಣಿಜ್ಯ ಅಧ್ಯಯನ ಮಂಡಳಿಯಲ್ಲಿ ಯಾರಿದ್ದಾರೆ, ಅದು ಕೊನೆಯ ಬಾರಿ ಸೇರಿದ್ದು ಯಾವಾಗ ಎಂಬ ಎರಡು ಪ್ರಶ್ನೆಗಳನ್ನು ಕಾರ್ಯಸೂಚಿಗೆ ಸೇರಿಸಿದರೆ ಆರಂಭಕ್ಕೆ ಅಷ್ಟು ಸಾಕು.